ಈ ಸಲ ಗಿರಿ ಬೇಡ, ಕೆರೆ ನೋಡೋಣ ಅಂತ: ಅಯ್ಯನಕೆರೆಯಿಂದ ಗೊರೂರು ಹಿನ್ನೀರಿನವರೆಗೆ ನಾಲ್ಕು ದಿನ

ಹಾಸನದ ಅಪ್ಪ · ನವೆಂಬರ್ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಅಮ್ಮನಿಗೆ 68, ಮಗಳಿಗೆ 11. ಮನೆಗೆ ನೆಂಟರು ಬಂದಾಗೆಲ್ಲ ಮುಳ್ಳಯ್ಯನಗಿರಿಗೆ ಕರ್ಕೊಂಡು ಹೋಗೋದೇ ರೂಢಿಯಾಗಿದೆ. ಕಳೆದ ಸಲ ಕೈಮರ ದಾಟಿದ ಮೇಲೆ ಕಾರಿನ ಹಿಂದೆ ಕಾರು ನಿಂತು ಎರಡೂವರೆ ಗಂಟೆ ರಸ್ತೆಯಲ್ಲೇ ಹೋಯ್ತು. ಅಮ್ಮ ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತ್ರು. ನಾನೂ ಮಗಳೂ ಮೇಲೆ ಹೋದ್ವಿ. ಅಲ್ಲಿ ನಿಂತು ಅವಳು ದೂರದಲ್ಲಿ ಹೊಳೀತಿದ್ದ ನೀರಿನ ಕಡೆ ಕೈ ತೋರಿಸಿ, "ಅಪ್ಪ, ಈ ಬೆಟ್ಟದ ಮೇಲೆ ಬಿದ್ದ ಮಳೆ ಅಲ್ಲಿಗೆ ಹೋಗುತ್ತಾ?" ಅಂದ್ಲು. ನನಗೆ ಗೊತ್ತಿರಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿ ನಲವತ್ತು ದಾಟಿದವನಿಗೆ ಇದು ಗೊತ್ತಿಲ್ಲವಲ್ಲ ಅಂತ ಬೇಜಾರಾಯ್ತು.

ಡಿಸೆಂಬರ್ ಕೊನೆಗೆ ನಾಲ್ಕು ದಿನ ರಜೆ ಹಾಕ್ತಿದ್ದೀನಿ. ಗಿರಿಗೆ ಹೋಗಲ್ಲ. ಕೆರೆ, ಕೆರೆ ಪಕ್ಕದ ಊರು, ಅಲ್ಲಿನ ಜನ, ಇಷ್ಟೇ. ಅಮ್ಮ ಸಮತಟ್ಟು ದಾರಿಯಲ್ಲಿ ಒಂದು ಗಂಟೆ ಆರಾಮಾಗಿ ನಡೀತಾರೆ. ಎಲ್ಲಿಂದ ಶುರು ಮಾಡಲಿ?

ಸಕ್ರೇಪಟ್ಣದ ಸೊಸೆ · ನವೆಂಬರ್ 14, ರಾತ್ರಿ 10:25

ಅಣ್ಣಾ, ಅಯ್ಯನಕೆರೆಯಿಂದ ಶುರು ಮಾಡಿ. ಬೋರ್ಡಿನಲ್ಲಿ ನಮ್ಮೂರು ಸಖರಾಯಪಟ್ಟಣ, ಬಸ್ಸಿನಲ್ಲಿ ಸಕ್ರೇಪಟ್ಣ. ಚಿಕ್ಕಮಗಳೂರು–ಕಡೂರು ರಸ್ತೆಯಲ್ಲೇ ಸಿಗುತ್ತೆ. ಅಲ್ಲಿಂದ ಒಳಗೆ ಹೋದ್ರೆ ಕೆರೆ. ಚಿಕ್ಕಮಗಳೂರಿಂದ ಲೆಕ್ಕ ಹಾಕಿದ್ರೆ ಸುಮಾರು 20 ಕಿ.ಮೀ.

ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಮೊದಲು ಕರ್ಕೊಂಡು ಹೋಗಿದ್ದು ದೇವಸ್ಥಾನಕ್ಕಲ್ಲ, ಏರಿಗೆ. ಏರಿ ಮೇಲೆ ನಿಂತ್ರೆ ಎದುರಿಗೆ ಶಕುನಗಿರಿ, ಸುತ್ತ ಬೆಟ್ಟ, ನಡುವೆ ನೀರು. ಬೆನ್ನ ಹಿಂದೆ ತಗ್ಗಿನಲ್ಲಿ ತೆಂಗು, ಅಡಿಕೆ, ಗದ್ದೆ. ಮುಖ ಆ ಕಡೆ ಮಾಡಿದ್ರೆ ಮಲೆನಾಡು, ಈ ಕಡೆ ಮಾಡಿದ್ರೆ ಬಯಲುಸೀಮೆ. ಕೆರೆ ಕಟ್ಟಿಸಿದ್ದು ರುಕ್ಮಾಂಗದ ರಾಯ ಅಂತ ನಮ್ಮ ಕಡೆಯ ಮಾತು. 1156ರಲ್ಲಿ ಹೊಯ್ಸಳರು ದುರಸ್ತಿ ಮಾಡಿಸಿದ್ರಂತೆ.

ಅತ್ತೆ ಹೇಳೋ ಒಂದು ಕಥೆ ಇದೆ, ಮಗಳಿಗೆ ಏರಿ ಮೇಲೆ ಕೂರಿಸಿಯೇ ಹೇಳಿ. ಒಂದು ಮಳೆಗಾಲ ಕೆರೆ ತುಂಬಿ ಏರಿ ಒಡೆಯೋ ಹಾಗಾಯ್ತು. ಕೆರೆಯಮ್ಮ, ಕೆರೆ ಕಾದು ಗದ್ದೆಗೆ ನೀರು ಬಿಡೋ ನೀರಗಂಟಿಗೆ ಕಾಣಿಸಿಕೊಂಡು, ನಾನು ಹೊರಡ್ತೀನಿ ಅಂದ್ಲು. ಅವನು ಕಾಲಿಗೆ ಬಿದ್ದು, ರಾಜನಿಗೆ ಒಂದು ಮಾತು ಹೇಳಿ ಬರ್ತೀನಿ ತಾಯಿ, ನಾನು ವಾಪಸ್ ಬರೋವರೆಗೆ ನಿಲ್ಲು ಅಂದ. ಅವಳು ಮಾತು ಕೊಟ್ಲು. ಓಡಿ ಹೋಗಿ ರಾಜನಿಗೆ ಹೇಳಿದ. ನೀರಗಂಟಿ ವಾಪಸ್ ಹೋಗದಿದ್ರೆ ಕೆರೆ ಒಡೆಯಲ್ಲ ಅಂತ ರಾಜನಿಗೆ ಹೊಳೀತು. ಅವನನ್ನ ಅಲ್ಲೇ ಕಡಿಸಿಬಿಟ್ಟ. ಕೆರೆಯಮ್ಮ ಇನ್ನೂ ಕಾಯ್ತಾ ಇದ್ದಾಳೆ ಅಂತ ಅತ್ತೆ ಕಥೆ ನಿಲ್ಲಿಸ್ತಾರೆ. ನಾನು ನೂರು ಸಲ ಕೇಳಿದ್ದೀನಿ, ಆ ಜಾಗಕ್ಕೆ ಬಂದಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಊರಲ್ಲೇ ತಿಂಡಿ ತಿಂದು ಬನ್ನಿ, ಏರಿ ಹತ್ರ ಸಿಗುತ್ತೆ ಅಂತ ನಂಬ್ಕೊಂಡು ಬರಬೇಡಿ. ಮಗು ನೀರಿಗೆ ಇಳಿಯೋದು ಬೇಡ. ಏರಿಯ ಕಲ್ಲು ಪಾಚಿ ಕಟ್ಟಿ ಜಾರುತ್ತೆ, ತೂಬಿನ ಹತ್ರ ಒಮ್ಮೆಗೇ ಆಳ.

ನಿವೃತ್ತ ಇಂಜಿನಿಯರ್ · ನವೆಂಬರ್ 15, ಬೆಳಿಗ್ಗೆ 6:50

ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನು ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಕೇಳಿದವರು ಕಡಿಮೆ. ವಿವರವಾಗಿಯೇ ಬರೆಯುತ್ತೇನೆ, ಅವಳಿಗೆ ಓದಿ ಹೇಳಿ.

ಬಾಬಾಬುಡನ್ ಬೆಟ್ಟದ ಸಾಲು ಕುದುರೆಯ ಲಾಳದಂತೆ ಬಾಗಿದೆ. ಲಾಳದ ಒಳಗೆ ಜಾಗರ ಕಣಿವೆ. ಅಲ್ಲಿ ಬಿದ್ದ ಮಳೆ ಸೋಮವಾಹಿನಿಯಾಗಿ ಭದ್ರೆಗೆ ಸೇರುತ್ತದೆ. ಪೂರ್ವದ ಮೈಯ ನೀರು ಗೌರಿಹಳ್ಳವಾಗಿ ಅಯ್ಯನಕೆರೆಗೆ ಬರುತ್ತದೆ. ಕೆರೆಯಿಂದ ಹೊರಬಿದ್ದ ಮೇಲೆ ಅದರ ಹೆಸರು ವೇದಾ. ಅದೇ ಸಾಲಿನ ಇನ್ನೊಂದು ಹಳ್ಳ ಮದಗದ ಕೆರೆಯನ್ನು ತುಂಬಿಸಿ ಆವತಿಯಾಗಿ ಇಳಿಯುತ್ತದೆ. ಕಡೂರಿನ ಬಳಿ ಎರಡೂ ಕೂಡಿ ವೇದಾವತಿ. ಅದು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗಿ, ಮುಂದೆ ಹಗರಿ ಎನಿಸಿಕೊಂಡು ತುಂಗಭದ್ರೆಗೆ, ಅದರ ಮೂಲಕ ಕೃಷ್ಣೆಗೆ ಸೇರುತ್ತದೆ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆ ದಿನ ಸುದ್ದಿ ಓದಿ ನಾನು ಸಕ್ಕರೆ ಹಂಚಿದ್ದೆ.

ಇದೇ ಬೆಟ್ಟದಿಂದ ದಕ್ಷಿಣಕ್ಕೆ ಇಳಿಯುವುದು ಯಗಚಿ. ಅದು ಬೇಲೂರಿನ ಜಲಾಶಯ ದಾಟಿ, ಗೊರೂರಿನ ಬಳಿ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಅಂದರೆ ಒಂದೇ ಬೆಟ್ಟದ ಮೇಲೆ ಬಿದ್ದ ಮಳೆಯಲ್ಲಿ ಈಚೆಗೆ ಜಾರಿದ್ದು ಕಾವೇರಿ, ಆಚೆಗೆ ಜಾರಿದ್ದು ಕೃಷ್ಣೆ. ನೀವು ಹಾಕಿಕೊಂಡಿರುವ ನಾಲ್ಕು ದಿನದಲ್ಲಿ ಎರಡೂ ಕಡೆಯ ನೀರು ನೋಡಬಹುದು. ಮೊದಲು ವೇದಾ, ಆಮೇಲೆ ಯಗಚಿ, ಕೊನೆಗೆ ಹೇಮಾವತಿ.

ಹಾಸನದ ಅಪ್ಪ · ನವೆಂಬರ್ 15, ಬೆಳಿಗ್ಗೆ 7:30

ಸಾರ್, ಮಗಳು ಶಾಲೆಗೆ ಹೊರಡೋ ಮುಂಚೆ ಇದನ್ನೇ ನೋಟ್ ಪುಸ್ತಕದ ಹಿಂದೆ ಚಿತ್ರ ಬರ್ಕೊಂಡ್ಲು. ತುಂಬಾ ತುಂಬಾ ಥ್ಯಾಂಕ್ಸ್.

ಹಕ್ಕಿ ನೋಡುವವ · ನವೆಂಬರ್ 15, ಮಧ್ಯಾಹ್ನ 1:15

ಬೈನಾಕ್ಯುಲರ್ ಇದ್ದರೆ ತನ್ನಿ. ಡಿಸೆಂಬರ್ ಒಳ್ಳೆಯ ಕಾಲ. ಬೆಳಿಗ್ಗೆ ಏಳರೊಳಗೆ ಏರಿ ಮೇಲೆ ಇರಬೇಕು, ಬಿಸಿಲೇರಿದ ಮೇಲೆ ಹಕ್ಕಿಗಳು ಕೆರೆಯ ಆಚೆ ಅಂಚಿಗೆ ಸರಿಯುತ್ತವೆ. ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ ಬಹುತೇಕ ಕೆರೆಗಳಲ್ಲಿ ಸಿಗುತ್ತವೆ. ಜೊಂಡು ಇದ್ದಲ್ಲಿ ಜಂಬುಕೋಳಿ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಕಂಡರೆ ನಿಮ್ಮ ಅದೃಷ್ಟ. ಅವು ಕಟಾವಾದ ಗದ್ದೆಗಳಲ್ಲಿ ಮೇಯುತ್ತವೆ, ಕೆರೆ ಮಾತ್ರ ನೋಡಬೇಡಿ.

ಕಡೂರು ಕಡೆ ಹೇಗೂ ಹೋಗುತ್ತೀರಿ. ಅಲ್ಲಿ ಬಾಸೂರು ಅಮೃತಮಹಲ್ ಕಾವಲು ಇದೆ. 2011ರಲ್ಲಿ ಸಂರಕ್ಷಣಾ ಮೀಸಲು ಆಯಿತು. ಬರೀ ಹುಲ್ಲು, ಕುರುಚಲು. ಅಲ್ಲಿ ಕೃಷ್ಣಮೃಗ ನೆಗೆಯುವುದನ್ನು ಒಮ್ಮೆ ನೋಡಿದವರು ಹುಲ್ಲುಗಾವಲನ್ನು ಪಾಳು ಜಮೀನು ಎನ್ನುವುದನ್ನು ಬಿಡುತ್ತಾರೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೇಳಿ.

ಕಡೂರು ಕಡೆಯವ · ನವೆಂಬರ್ 15, ಸಂಜೆ 8:05

ಎಲ್ರೂ ಚೆನ್ನಾಗೇ ಬರೀತಿದೀರ. ಆದ್ರೆ ಒಂದು ಮಾತು ಕೇಳ್ಕಳಿ. ಅಯ್ಯನಕೆರೆ ಹೆಸರು ಎಲ್ರಿಗೂ ಗೊತ್ತೈತೆ, ಸರಿ. ಸಣ್ಣ ಕೆರೆಗಳ ಲೊಕೇಶನ್ ಮಾತ್ರ ಇಲ್ಲಿ ಹಾಕ್ಬೇಡಿ, ಕೈ ಮುಗೀತೀನಿ. ನಮ್ಮೂರ ಕೆರೆ ಫೋಟೊ ಎರಡು ವರ್ಷದ ಹಿಂದೆ ಯಾರೋ ಹಾಕಿದ್ರು. ಆಮೇಲಿಂದ ಶನಿವಾರ ಬಂದ್ರೆ ಕಾರು. ಏರಿ ಮೇಲೇ ಕಾರು ಹತ್ತಿಸ್ತಾರೆ. ಮಣ್ಣಿನ ಏರಿ ಅದು, ಮಳೆಗಾಲದಾಗೆ ಚಕ್ರ ಹೋದ ಜಾಗದಾಗೆ ನೀರು ನಿಂತು ಕೊರೀತದೆ. ಹೋದ ಬೇಸಿಗೆ ಕೆರೆ ಅಂಗಳದಾಗೆ ಒಡೆದ ಬಾಟ್ಲಿ ಚೂರು ನಮ್ಮಣ್ಣನ ಎತ್ತಿನ ಗೊರಸಿಗೆ ಹೊಕ್ತು. ಇಪ್ಪತ್ತು ದಿನ ನಿಲ್ಲಕ್ಕಾಗ್ಲಿಲ್ಲ ಅದಕ್ಕೆ. ಮುಂಗಾರು ಉಳುಮೆ ಹೊತ್ತು ಅದು. ಬಾಡಿಗೆ ಟ್ರಾಕ್ಟರ್ ತಂದ್ವಿ. ದುಡ್ಡು ಹೋಗ್ಲಿ, ಆ ಎತ್ತು ಮೂರು ಕಾಲಲ್ಲಿ ನಿಂತು ನಮ್ಮ ಮುಖ ನೋಡ್ತಿದ್ದುದು ನೆನೆಸಿಕೊಂಡ್ರೆ ಈಗ್ಲೂ ಊಟ ಸೇರಲ್ಲ.

ಸಕ್ರೇಪಟ್ಣದ ಸೊಸೆ · ನವೆಂಬರ್ 15, ರಾತ್ರಿ 9:10

ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ ಅಣ್ಣ. ಸಣ್ಣ ಕೆರೆಗಳ ಹೆಸರು ನಾನೂ ಬರೆಯಲ್ಲ. ಆದ್ರೆ ಯಾರೂ ಬರಬಾರದು ಅನ್ನೋದು ಬೇಡ. ನಮ್ಮ ಬೀದಿಯಲ್ಲಿ ಇಬ್ಬರು ಹೆಂಗಸರು, ಹಿಂದಿನ ದಿನ ಫೋನ್ ಮಾಡಿ ಹೇಳಿದವರಿಗೆ ಊಟ ಮಾಡಿ ಹಾಕ್ತಾರೆ. ಮುದ್ದೆ, ಅವರೆಕಾಳು ಸಾರು, ಅಕ್ಕಿ ರೊಟ್ಟಿ. ಅದರಲ್ಲೇ ಒಬ್ಬಳು ಮಗನ ಕಾಲೇಜ್ ಫೀಸ್ ಕಟ್ಟಿದ್ದಾಳೆ. ಮಾತಾಡಿಸಿ, ಕೂತು, ಉಂಡು ಹೋಗೋರು ಬಾಟ್ಲಿ ಒಡೆಯಲ್ಲ. ಒಡೆಯೋರು ಯಾರ ಮನೆಯ ಹೊಸ್ತಿಲನ್ನೂ ತುಳಿದಿರಲ್ಲ, ಸೀದಾ ನೀರಿಗೆ ಹೋಗಿರ್ತಾರೆ.

ಕಡೂರು ಕಡೆಯವ · ನವೆಂಬರ್ 15, ರಾತ್ರಿ 9:32

ಅದು ಸರಿ ಅಕ್ಕ. ಊರೊಳಗಿಂದ ಬರೋರಿಗೆ ಯಾರೂ ಬೇಡ ಅನ್ನಲ್ಲ. ಕಾರು ಊರಲ್ಲಿ ನಿಲ್ಲಿಸಿ ನಡ್ಕೊಂಡು ಬರ್ಲಿ. ಅಷ್ಟು ಬರೀರಿ ಸಾಕು.

ಹಳೇಬೀಡು ಮೇಷ್ಟ್ರು · ನವೆಂಬರ್ 16, ಬೆಳಿಗ್ಗೆ 10:20

ಕಡೂರಿನವರ ಸಂಕಟ ಹಳೆಯದು. ಕೆರೆ ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ಪ್ರತಿ ವರ್ಷದ್ದು. ನಮ್ಮ ಶಾಸನಗಳಲ್ಲಿ "ಬಿತ್ತುವಟ್ಟ", "ಕಟ್ಟುಕೊಡಗೆ" ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಹೂಳು ತೆಗೆಯುವವರಿಗೆ, ಏರಿ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಅದು. ಯುದ್ಧದಲ್ಲಿ ಸತ್ತವರಿಗೆ ವೀರಗಲ್ಲು ನೆಟ್ಟ ನಾಡೇ ಕೆರೆ ಕಾಯುವವನ ಹೊಟ್ಟೆಗೂ ದಾರಿ ಮಾಡಿತ್ತು. ಮಕ್ಕಳಿಗೆ ನಾನು ಇದನ್ನೇ ಮೊದಲು ಹೇಳುತ್ತಿದ್ದೆ.

ಅಯ್ಯನಕೆರೆಯಿಂದ ಬರುವಾಗ ಬೆಳವಾಡಿಯ ವೀರನಾರಾಯಣನ ಗುಡಿ ನೋಡಿ. ಮಂಟಪದ ಕಂಬಗಳ ನಡುವೆ ನಿಮ್ಮ ತಾಯಿಯವರು ಬೇಕಾದಷ್ಟು ಹೊತ್ತು ಕೂರಬಹುದು, ತಂಪಾಗಿರುತ್ತದೆ. ಹಳೇಬೀಡಿಗೆ ಬಂದರೆ ಹೊಯ್ಸಳೇಶ್ವರನನ್ನು ಎಲ್ಲರೂ ನೋಡುತ್ತಾರೆ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಇನ್ನೂ ಜನ. ಗುಡಿಯ ಹಿಂದಿನ ಕೆರೆಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದೇ ಆ ನೀರಿನಿಂದ. ಹೆಸರೇ ಆ ಕೆರೆಯದು, ಅರ್ಧ ಗಂಟೆ ಅದಕ್ಕೂ ಕೊಡಿ.

ಹಾಸನಕ್ಕೆ ವಾಪಸಾಗುವಾಗ ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ. ಕೆರೆಯ ದಂಡೆಯ ಮೇಲೆ ಲಕ್ಷ್ಮೀದೇವಿಯ ಗುಡಿ, ನಾಲ್ಕು ಗರ್ಭಗುಡಿ. ವಿಷ್ಣುವರ್ಧನನ ಕಾಲದಲ್ಲಿ, 12ನೇ ಶತಮಾನದ ಮೊದಲ ಭಾಗದಲ್ಲಿ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ರಾಜರ ಗುಡಿಗಳ ಅಬ್ಬರ ಇಲ್ಲ. ನನಗೆ ಹಳೇಬೀಡಿಗಿಂತ ಅದೇ ಹತ್ತಿರ.

ಬಿಕ್ಕೋಡು ಕಾಫಿ · ನವೆಂಬರ್ 16, ಸಂಜೆ 6:40

ಯಗಚಿ ಹಿನ್ನೀರು ನೋಡಲು ಬೇಲೂರಿನಲ್ಲಿ ಉಳಿಯುವುದಾದರೆ ತೊಂದರೆಯಿಲ್ಲ, ಬೋಟಿಂಗ್ ಕೂಡ ಇದೆ. ಆದರೆ ಬಿಕ್ಕೋಡು, ಅರೇಹಳ್ಳಿ ಕಡೆ ತೋಟದೊಳಗಿನ ಹೋಂಸ್ಟೇ ಹಿಡಿದರೆ ಸಂಜೆ ಆರರ ಮೇಲೆ, ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ನಡೆಯಲು ಹೊರಡಬೇಡಿ. ಇಲ್ಲಿ ಆನೆ ಕಾಡಿನಲ್ಲಿ ಮಾತ್ರ ಇರುವುದಿಲ್ಲ, ಹಗಲು ಕಾಫಿ ತೋಟದಲ್ಲೇ ನಿಂತಿರುತ್ತವೆ. ಹತ್ತು ಅಡಿ ದೂರಕ್ಕೆ ಬರುವವರೆಗೂ ಗೊತ್ತಾಗುವುದಿಲ್ಲ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು ಬೆಳಿಗ್ಗೆ ಎದ್ದ ತಕ್ಷಣ ನೋಡುವುದು ಆನೆ ಎಲ್ಲಿದೆ ಎನ್ನುವ ವಾಟ್ಸಾಪ್ ಮೆಸೇಜು. ಅವರನ್ನು ಕೇಳಿ, ಅವರು ಬೇಡ ಎಂದ ದಾರಿಗೆ ಹೋಗಬೇಡಿ.

ಗೊರೂರು ಹಿನ್ನೀರು · ನವೆಂಬರ್ 17, ರಾತ್ರಿ 11:05

ಶೆಟ್ಟಿಹಳ್ಳಿಯ ಇಗರ್ಜಿಗೆ ಹೋಗೇ ಹೋಗ್ತೀರಿ, ಅದಕ್ಕೆ ಬರೀತಿದ್ದೀನಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಅದರ ಸುತ್ತ ನೀರು ಬಂತು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಗೋಡೆ ಸೋತಿದೆ, ಸ್ವಲ್ಪ ಭಾಗ ಬಿದ್ದೂ ಇದೆ, ಕಮಾನಿನ ಕೆಳಗೆ ಮಗುವನ್ನ ನಿಲ್ಲಿಸಬೇಡಿ.

ಅಲ್ಲಿ ಬರೋರು ಇಗರ್ಜಿ ನೋಡಿ ಎಷ್ಟು ಚೆಂದ ಅಂತಾರೆ. ಚೆಂದವೇ. ಆದ್ರೆ ಆ ನೀರಿನಡಿ ಇಗರ್ಜಿ ಒಂದೇ ಇಲ್ಲ. ನಮ್ಮಜ್ಜಿ ಮನೆ ಇದೆ. ಕಣ, ಹಟ್ಟಿ, ಹುಣಸೆಮರ ಇದ್ವು. ನಾನು ಹುಟ್ಟಿದ್ದು ಆಮೇಲೆ. ಅಜ್ಜಿ ಪ್ರತಿ ಬೇಸಿಗೆ ನೀರಿಳಿದಾಗ ದಂಡೆಗೆ ಹೋಗಿ, ಅಗೋ ಆ ಕಲ್ಲು ಗುಂಪು ಕಾಣ್ತದಲ್ಲ, ಅದರ ಬಲಕ್ಕೆ ನಮ್ಮ ಬಾವಿ ಅಂತ ತೋರಿಸ್ತಿದ್ರು. 37 ಟಿಎಂಸಿ ನೀರು ಅಂತ ಪೇಪರಲ್ಲಿ ಬರುತ್ತೆ. ತುಮಕೂರಿನವರೆಗೂ ನಾಲೆಯಲ್ಲಿ ಹೋಗುತ್ತೆ, ಎಷ್ಟೋ ಜನ ಕುಡೀತಾರೆ, ಬೆಳೀತಾರೆ. ಅಜ್ಜಿಗೂ ಅದು ಗೊತ್ತಿತ್ತು, ಕುಡಿಯೋರಿಗೆ ಒಳ್ಳೇದಾಗ್ಲಿ ಅಂತಿದ್ರು. ಬಾವಿ ತೋರಿಸೋದು ಮಾತ್ರ ಬಿಡಲಿಲ್ಲ.

ಹೋದಾಗ ಹತ್ತಿರದ ಊರಲ್ಲಿ ಒಂದು ಟೀ ಕುಡಿಯಿರಿ, ವಯಸ್ಸಾದೋರು ಕಂಡ್ರೆ ನಿಮ್ಮದು ಯಾವ ಊರಾಗಿತ್ತು ಅಂತ ಕೇಳಿ. ಹೇಳ್ತಾರೆ.

ಹಾಸನದ ಅಪ್ಪ · ಜನವರಿ 3, ರಾತ್ರಿ 10:15

ಹೋಗಿ ಬಂದ್ವಿ. ಎಲ್ಲಾ ಬರೆಯೋಕೆ ಆಗಲ್ಲ, ಮುಖ್ಯವಾದದ್ದು ಬರೀತೀನಿ.

ಮೊದಲ ದಿನ ಬೆಳಿಗ್ಗೆ ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ. ಊರಿಗೆ ಕುಡಿಯೋ ನೀರು ಕೊಡೋ ಕೆರೆ ಅದು. ಮಂಜು ಕರಗೋವರೆಗೆ ಕೂತಿದ್ದು ಹೊರಟ್ವಿ. ಬಾಸೂರು ಕಾವಲಿಗೆ ಅನುಮತಿ ಕೇಳೋದು ತಡವಾಗಿ ಹೋಗಲಿಕ್ಕೆ ಆಗಲಿಲ್ಲ. ಯಗಚಿಯಲ್ಲಿ ಬೋಟಿಂಗ್ ಆಯ್ತು, ಮಗಳಿಗೆ ಖುಷಿ.

ಅಯ್ಯನಕೆರೆಗೆ ಕಾರು ತಗೊಂಡು ಹೋಗಲಿಲ್ಲ. ಸಕ್ರೇಪಟ್ಣದಲ್ಲೇ ನಿಲ್ಲಿಸಿ ಆಟೋದಲ್ಲಿ ಹೋಗಿ, ಏರಿ ಶುರುವಾಗೋ ಕಡೆ ಇಳಿದು ನಡೆದ್ವಿ. ತೂಬಿನ ಹತ್ರ ಒಬ್ಬ ಹಿರಿಯರು ಕೂತಿದ್ರು. ಅಮ್ಮ ಅವರಿಗೆ ನಮಸ್ಕಾರ ಕೂಡ ಹೇಳದೆ ಮೊದಲು ಕೇಳಿದ ಮಾತು, "ಈ ಸಲ ಕೋಡಿ ಬಿತ್ತಾ?" ಅಷ್ಟೇ, ಇಬ್ಬರೂ ಒಂದು ಗಂಟೆ ಮಾತಾಡಿದ್ರು. ಯಾವ ತಿಂಗಳು ತೂಬು ಎತ್ತುತ್ತಾರೆ, ಸರದಿ ಹೇಗೆ, ಕೊನೆಯ ಗದ್ದೆಯವನಿಗೆ ನೀರು ಮುಟ್ಟುತ್ತಾ. ನಾನೂ ಮಗಳೂ ಪಕ್ಕದಲ್ಲಿ ಕೂತು ಕೇಳಿದ್ವಿ.

ಅಮ್ಮನ ತವರು ಅರಸೀಕೆರೆ ಕಡೆಯ ಒಂದು ಹಳ್ಳಿ. ಅಲ್ಲಿನ ಕೆರೆ ನಾನು ನೋಡಿದಾಗೆಲ್ಲ ಜಾಲಿ ಬೆಳೆದು ಒಣಗೇ ಇರ್ತಿತ್ತು, ಅದರಲ್ಲಿ ನಾವು ಕ್ರಿಕೆಟ್ ಆಡ್ತಿದ್ವಿ. ಏರಿ ಮೇಲೆ ಅವತ್ತು ಅಮ್ಮ ಹೇಳಿದ್ರು: ಅವರು ಚಿಕ್ಕವರಿದ್ದಾಗ ಆ ಕೆರೆ ತುಂಬ್ತಿತ್ತು. ಜೋರು ಮಳೆಯ ರಾತ್ರಿ ನಮ್ಮ ತಾತ ಗೋಣಿ ಕೊಪ್ಪೆ ಹಾಕ್ಕೊಂಡು, ಲಾಟೀನು ಹಿಡ್ಕೊಂಡು, ಇನ್ನೂ ನಾಲ್ಕು ಜನರ ಜೊತೆ ಏರಿ ಮೇಲೆ ಓಡಾಡ್ತಿದ್ರಂತೆ. ಏಡಿ ಬಿಲ, ಹೆಗ್ಗಣದ ಬಿಲದಲ್ಲಿ ನೀರು ಜಿನುಗ್ತಿದೆಯಾ ನೋಡೋದು, ಕಂಡ್ರೆ ಮಂಕರಿಯಲ್ಲಿ ಮಣ್ಣು ತಂದು ತುಳಿದು ಮುಚ್ಚೋದು. ಬೆಳಗಿನ ಜಾವ ಮನೆಗೆ ಬಂದ್ರೆ ಕಾಲು ಬೆಳ್ಳಗೆ ನೆನೆದಿರ್ತಿದ್ವು, ಅಜ್ಜಿ ಒಲೆ ಮುಂದೆ ಕೂರಿಸಿ ಎಣ್ಣೆ ಹಚ್ತಿದ್ರು. ಈ ಮಾತು ನಲವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಯಾಕಮ್ಮ ಹೇಳಲಿಲ್ಲ ಅಂದ್ರೆ, "ತುಂಬಿದ ಕೆರೆ ನೋಡಿದ್ದೇ ಇವತ್ತಲ್ವಾ, ಜ್ಞಾಪಕ ಬಂತು" ಅಂದ್ರು.

ಸೊಸೆ ಅಕ್ಕ ಹೇಳಿದ ನೀರಗಂಟಿ ಕಥೆಯನ್ನ ಮಗಳಿಗೆ ಅಲ್ಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ಮನೆಯವರು ಏನಾದ್ರು ಅಂತ ಕೇಳಿದ್ಲು. ಆ ಹಿರಿಯರು ಅವಳ ತಲೆ ಸವರಿದ್ರು.

ಶೆಟ್ಟಿಹಳ್ಳಿಯಲ್ಲಿ ನೀರು ಇನ್ನೂ ಇಳಿದಿರಲಿಲ್ಲ. ದಂಡೆಯಿಂದಲೇ ನೋಡಿದ್ವಿ. ಟೀ ಅಂಗಡಿಯಲ್ಲಿ ಒಬ್ಬ ಅಜ್ಜನ್ನ ನಿಮ್ಮದು ಯಾವ ಊರಾಗಿತ್ತು ಅಂತ ಕೇಳಿದೆ. ಅವರು ಎದ್ದು, ನಮ್ಮನ್ನ ಹೊರಗೆ ಕರ್ಕೊಂಡು ಬಂದು, ನೀರಿನ ಕಡೆ ಕೈ ಚಾಚಿ ಬೀದಿ ಬೀದಿಯಾಗಿ ತೋರಿಸಿದ್ರು. ನಮಗೆ ಕಂಡಿದ್ದು ನೀರು ಮಾತ್ರ. ಮಗಳು ಮಾತ್ರ ಅವರು ಹೇಳಿದ ಹಾಗೇ ನೋಟ್ ಪುಸ್ತಕದಲ್ಲಿ ಬೀದಿ ಬರ್ಕೊಂಡ್ಲು. ಗೊರೂರು ಹಿನ್ನೀರು ಅವರೇ, ಅದರ ಫೋಟೊ ನಿಮಗೆ ಕಳಿಸ್ತೀನಿ. ನಿಮ್ಮಜ್ಜಿ ಬಾವಿ ಎಲ್ಲಿ ಅಂತ ಗುರುತು ಹಾಕಿ ಕೊಡಿ, ಅವಳು ಕೇಳಿದ್ದಾಳೆ.

ಗೊರೂರು ಹಿನ್ನೀರು · ಜನವರಿ 3, ರಾತ್ರಿ 11:20

ಕಳಿಸಿ. ಅಪ್ಪನ್ನೂ ಕೂರಿಸಿಕೊಂಡು ನೋಡ್ತೀನಿ.

ಕಡೂರು ಕಡೆಯವ · ಜನವರಿ 4, ಬೆಳಿಗ್ಗೆ 6:15

ಮಂಕರಿ ಮಣ್ಣಿನ ಮಾತು ಓದಿ ನಮ್ಮಪ್ಪನಿಗೆ ಕೇಳಿಸ್ದೆ. ಎರಡು ಸಲ ಓದಿಸಿದ್ರು. ಮುಂದಿನ ಸಲ ಬರೋವಾಗ ನಮ್ಮೂರಿಗೂ ಬನ್ನಿ ಅಣ್ಣ, ಕೆರೆ ತೋರಿಸ್ತೀನಿ. ಅಮ್ಮನ್ನ ಕರ್ಕಂಡು ಬನ್ನಿ.

ಸಕ್ರೇಪಟ್ಣದ ಸೊಸೆ · ಜನವರಿ 19, ಸಂಜೆ 5:50

ಅಣ್ಣಾ, ಅಮ್ಮ ನಮ್ಮ ಹಿತ್ತಲಿಂದ ಸೆರಗಿಗೆ ಕಟ್ಕೊಂಡು ಹೋದ ಹೀರೆ ಬೀಜ ಹಾಕಿದ್ರಾ? ಅತ್ತೆ ದಿನಾ ಕೇಳ್ತಿದ್ದಾರೆ.

ಹಾಸನದ ಅಪ್ಪ · ಜನವರಿ 19, ಸಂಜೆ 6:30

ಆರು ಹಾಕಿದ್ರು, ನಾಲ್ಕು ಮೊಳೆತಿವೆ ಅಕ್ಕ. ಚಪ್ಪರಕ್ಕೆ ಬಿದಿರು ತರಬೇಕು.